ಹೆಬ್ಬೆಟ್ಟಿನ ಮೇಲೆ ಹಾಕಿದ ತಪ್ಪು

ನನ್ನ ತಂಗಿಯ ಬಲಗೈ ಮಣಿಕಟ್ಟು ಮುರಿದು ಮೂರು ವರ್ಷ ದಾಟಿತು. ಅದು ಅವಳದೇ ತಪ್ಪಿನಿಂದ ಮುರಿಯಿತು ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು. ಹಾಗೆ ನಂಬಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಾರಿನ ವಿಷಯ ಹೇಳುತ್ತಾ ಹೇಳುತ್ತಾ ಇದನ್ನು ಮೆಲ್ಲಗೆ ದಾಟಿಕೊಂಡು ಹೋಗುವ ಬುದ್ಧಿ ನನಗೆ ಬರುತ್ತದೆ. ಮೂರು ವರ್ಷ ಅದನ್ನೇ ಮಾಡಿದ್ದೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ರಾಮನಗರದ ಗ್ಯಾರೇಜೊಂದರಲ್ಲಿ ಕೆಲಸ ಕಲಿತೆ. ಈಗ ಚನ್ನಪಟ್ಟಣದ ಹತ್ತಿರ, ಹೈವೇ ಬಿಟ್ಟು ಒಳಗೆ ಹೋಗುವ ರಸ್ತೆಯಲ್ಲಿ, ಒಂದು ಷೆಡ್ಡಿನಲ್ಲಿ ಹಳೆಯ ಕಾರುಗಳ ಕೆಲಸ ಮಾಡುತ್ತೇನೆ. ಆ ಷೆಡ್ಡು ಮೊದಲು ರೇಷ್ಮೆ ಹುಳು ಸಾಕುವ ಮನೆಯಾಗಿತ್ತು. ಯಜಮಾನರು ಬೆಂಗಳೂರಿನವರು. ವಾರಕ್ಕೊಮ್ಮೆ ಬರುತ್ತಾರೆ, ಬರುವಾಗ ಬಿಡದಿಯಲ್ಲಿ ನಿಲ್ಲಿಸಿ ನಮಗೆಲ್ಲ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತಾರೆ. ಒಳ್ಳೆಯ ಮನುಷ್ಯ. ಮಾತು ಜಾಸ್ತಿ.

ಷೆಡ್ಡಿನಲ್ಲಿ ಆಗ ಎರಡು ದೊಡ್ಡ ಕಾರುಗಳಿದ್ದವು. ಎರಡೂ ಹೆಚ್ಚು ಕಡಿಮೆ ನೂರು ವರ್ಷದವು. ಒಂದು ಇಂಗ್ಲೆಂಡಿನದು. ಇನ್ನೊಂದು ಅಮೆರಿಕದ್ದು, ಕಪ್ಪು ಬಣ್ಣದ್ದು. ಆ ಕರಿ ಕಾರು ಮಾಗಡಿ ಕಡೆಯ ಹಳ್ಳಿಯೊಂದರಲ್ಲಿ ಹುಲ್ಲು ತುಂಬುವ ಕೊಟ್ಟಿಗೆಯಲ್ಲಿ ಸಿಕ್ಕಿತ್ತು. ಎಷ್ಟು ವರ್ಷದಿಂದ ನಿಂತಿತ್ತೋ, ಹಿಂದಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅದನ್ನು ಬಿಚ್ಚಿ, ತೊಳೆದು, ಮತ್ತೆ ಓಡುವಂತೆ ಮಾಡಲು ನಮಗೆ ಒಂದೂವರೆ ವರ್ಷ ಹಿಡಿಯಿತು. ಓಡಲು ಶುರುವಾದ ಮೇಲೆ ಕನಕಪುರದ ಮದುವೆಗಳಿಗೆ ಹೋಗುತ್ತಿತ್ತು, ಸಿನಿಮಾ ಶೂಟಿಂಗಿಗೆ ಹೋಗುತ್ತಿತ್ತು.

ಇಂಥ ಕಾರುಗಳಿಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುವ ಏರ್ಪಾಡು ಇಲ್ಲ. ಮುಂದೆ, ರೇಡಿಯೇಟರಿನ ಕೆಳಗೆ, ಒಂದು ಕಬ್ಬಿಣದ ಹ್ಯಾಂಡಲ್ ಇರುತ್ತದೆ. ಒಬ್ಬರು ಸೀಟಿನಲ್ಲಿ ಕೂತಿರಬೇಕು, ಇನ್ನೊಬ್ಬರು ಮುಂದೆ ನಿಂತು ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಸಲ ಎಳೆಯಬೇಕು. ಕೂತವರ ಕೈ ಹತ್ತಿರ, ಸ್ಟಿಯರಿಂಗ್ ಚಕ್ರದ ಕೆಳಗೆ, ಆಚೆ ಒಂದು ಈಚೆ ಒಂದು ಎರಡು ಸಣ್ಣ ಲಿವರು, ಹಲ್ಲು ಹಲ್ಲಾಗಿ ಸರಿಯುವಂಥವು. ಒಂದು ಪೆಟ್ರೋಲು ಕೊಡುತ್ತದೆ. ಇನ್ನೊಂದು ಎಂಜಿನ್ನಿನೊಳಗೆ ಕಿಡಿ ಯಾವಾಗ ಹಾರಬೇಕು ಅನ್ನುವುದನ್ನು ಹಿಂದೆ ಮುಂದೆ ಮಾಡುತ್ತದೆ. ಕೈಯಿಂದ ತಿರುಗಿಸುವಾಗ ಕಿಡಿ ತಡವಾಗಿ ಹಾರಬೇಕು, ಅಂದರೆ ಆ ಲಿವರು ಪೂರ್ತಿ ಮೇಲಿರಬೇಕು. ಅದು ಕೆಳಗೆ ಇಳಿದಿದ್ದರೆ ಕಿಡಿ ಬೇಗ ಹಾರಿ ಎಂಜಿನ್ನು ಉಲ್ಟಾ ಒದೆಯುತ್ತದೆ. ಆಗ ಹ್ಯಾಂಡಲ್ ಹಿಡಿದವರ ಕೈಗೆ ದೇವರೇ ಗತಿ.

ನಮ್ಮ ಷೆಡ್ಡಿನಲ್ಲಿ ವೈರಿಂಗ್ ಮತ್ತು ಕಾಯಿಲ್ ಕೆಲಸ ಮಾಡುವ ವಯಸ್ಸಾದವರೊಬ್ಬರಿದ್ದಾರೆ. ರಾಮನಗರದವರು, ಅವರ ಮನೆಯವರದು ರೇಷ್ಮೆ ನೂಲು ಬಿಚ್ಚುವ ಕೆಲಸ. ನಾವು ಚಾಚಾ ಅನ್ನುತ್ತೇವೆ. ಹ್ಯಾಂಡಲ್ ವಿಷಯದಲ್ಲಿ ಅವರದು ಎರಡು ಕಟ್ಟಳೆ. ಒಂದು, ಹೆಬ್ಬೆಟ್ಟನ್ನು ಹ್ಯಾಂಡಲಿಗೆ ಸುತ್ತಬಾರದು, ಮಿಕ್ಕ ನಾಲ್ಕು ಬೆರಳಿನ ಜೊತೆಯಲ್ಲೇ ಇಡಬೇಕು; ಲಿವರು ಸರಿಯಿದ್ದರೂ ಹಳೆಯ ಎಂಜಿನ್ನು ಒಮ್ಮೊಮ್ಮೆ ಒದೆಯುತ್ತದೆ, ಸುತ್ತಿದ್ದರೆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಎರಡು, ಸೀಟಿನಲ್ಲಿ ಕೂತವರು ಲಿವರುಗಳು ಎಲ್ಲಿವೆ ಅಂತ ಕೂಗಿ ಹೇಳಬೇಕು, ಮುಂದೆ ನಿಂತವರು ಅದನ್ನೇ ತಿರುಗಿ ಕೂಗಬೇಕು. ಎರಡು ಬಾಯಿಂದ ಬರುವ ತನಕ ಯಾರೂ ಹ್ಯಾಂಡಲ್ ಮುಟ್ಟುವಂತಿಲ್ಲ.

"ಕೂಗಿದವನ ಬಾಯಿ ನಂಬ್ಕಂಡು ಇನ್ನೊಬ್ಬನ ಕೈ ಐತೆ," ಅನ್ನುತ್ತಿದ್ದರು. "ತಮಾಷೆ ಅಲ್ಲ ಬೇಟಾ."

ನನಗೆ ಒಂದು ತೊಂದರೆ ಇತ್ತು. ಇಂಗ್ಲೆಂಡಿನ ಕಾರಿನಲ್ಲಿ ಕಿಡಿಯ ಲಿವರು ಬಲಕ್ಕೆ. ಅಮೆರಿಕದ ಕರಿ ಕಾರಿನಲ್ಲಿ ಎಡಕ್ಕೆ. ಪಕ್ಕದಲ್ಲಿ ಏನೋ ಇಂಗ್ಲಿಷಿನಲ್ಲಿ ಕೆತ್ತಿದೆ, ಸವೆದಿದೆ, ಸವೆಯದಿದ್ದರೂ ನನಗೆ ಓದಲು ಬರುವುದಿಲ್ಲ. ಎರಡು ಮೂರು ಸಲ ಕಂಗಾಲಾದ ಮೇಲೆ ತಂಗಿಗೆ ಹೇಳಿದೆ, ಲಿವರುಗಳ ತುದಿಗೆ ಹಾಕಲು ಬಣ್ಣದ ಮರದ ಗುಂಡು ಮಾಡಿಕೊಡು ಅಂತ.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಚನ್ನಪಟ್ಟಣದಲ್ಲಿ ಒಂದು ಗೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುವ ಲೇತಿನ ಮೇಲೆ ಕೂರುತ್ತಿದ್ದಳು. ಅಲ್ಲಿ ಹತ್ತು ಹನ್ನೆರಡು ಜನ ಹೆಂಗಸರು. ಸಣ್ಣ ಸಾಮಾನಿನಲ್ಲಿ ಅವಳ ಕೈ ಮುಂದೆ ಯಾರೂ ಇರಲಿಲ್ಲ. ಮರ ಗಿರ್ರನೆ ತಿರುಗುತ್ತಿರುವಾಗ ಉಳಿ ಇಟ್ಟು, ಬರೀ ಕಣ್ಣಳತೆಯಲ್ಲಿ ಒಂದೇ ಸಮನಾದ ಇಪ್ಪತ್ತು ಮಣಿ ತೆಗೆಯುತ್ತಿದ್ದಳು. ಆಮೇಲೆ ಅರಗಿನ ಕಡ್ಡಿ ಒತ್ತಿ, ತಾಳೆಗರಿ ಹಿಡಿದು ತಿಕ್ಕಿದರೆ ಬಣ್ಣ ಕನ್ನಡಿಯ ಹಾಗೆ ಬರುತ್ತಿತ್ತು. ನಮ್ಮ ಷೆಡ್ಡಿನ ಮರದ ಸಾಮಾನೆಲ್ಲ ಅವಳದೇ. ಗೇರ್ ಕಡ್ಡಿಯ ಗುಂಡು, ಬಾಗಿಲ ಹಿಡಿ, ಊದುವ ಹಾರನ್ನಿನ ಕೆಳಗಿನ ಬಿಲ್ಲೆ. ಯಜಮಾನರು ಬೆಂಗಳೂರಿನಲ್ಲಿ ತೋರಿಸಿಕೊಂಡು ಮೆರೆಯುತ್ತಿದ್ದರು. ನಾನೂ ಮೆರೆಯುತ್ತಿದ್ದೆ.

"ಯಾವುದಕ್ಕೆ ಯಾವ ಬಣ್ಣ?" ಅಂತ ಕೇಳಿದಳು.

"ಕಿಡೀಗೆ ಕೆಂಪು. ಪೆಟ್ರೋಲ್‌ಗೆ ಹಸಿರು."

"ನೀನು ಅದನ್ನೂ ಮರ್ತ್ರೆ?"

"ಕೆಂಪು ಹಸಿರು ಮರೆಯಾಕೆ ನಾನೇನ್ ಎತ್ತೇನಮ್ಮಿ?"

"ಎತ್ತಿಗೆ ಬುದ್ಧಿ ಇರತದೆ ಕಣಣ್ಣ," ಅಂದಳು.

ಇಂಗ್ಲೆಂಡಿನ ಕಾರಿನ ಗುಂಡುಗಳನ್ನು ಮೊದಲು ಮಾಡಿಕೊಟ್ಟಳು. ಅವು ಸರಿಯಾಗಿ ಕೂತವು. ಐದಾರು ತಿಂಗಳು ಆ ಕಾರನ್ನೇ ಹೆಚ್ಚಾಗಿ ಓಡಿಸಿದೆವು. ಬಲಕ್ಕೆ ಕೆಂಪು, ಎಡಕ್ಕೆ ಹಸಿರು. ಕಣ್ಣು ಅದಕ್ಕೆ ಒಗ್ಗಿಹೋಯಿತು. ಆ ದಿನಗಳಲ್ಲಿ ತಂಗಿ ಸಾಮಾನು ಕೊಡಲು ಷೆಡ್ಡಿಗೆ ಬಂದಾಗ ಹ್ಯಾಂಡಲ್ ಹೊಡೆಯುವುದನ್ನೂ ಕಲಿತಳು. ಬೇಡ ಅಂದರೆ ಕೇಳುವವಳಲ್ಲ. ಚಾಚಾ ಮೊದಲು ಗೊಣಗಿದರು. ಆಮೇಲೆ ಅವರೇ ಪಕ್ಕ ನಿಂತು ಹೇಳಿಕೊಟ್ಟರು. ಅವಳಿಗೆ ಬಲ ಕಡಿಮೆ, ಆದರೆ ಹದ ಗೊತ್ತು. ಎಂಜಿನ್ನು ಬಿಗಿಯಾಗುವ ಜಾಗ ಕೈಗೆ ಸಿಕ್ಕಿದ ಕೂಡಲೇ ಎಳೆಯುತ್ತಿದ್ದಳು. ನಾನು ಮೂರು ಸಲ ಎಳೆದರೆ ಅವಳು ಒಂದು ಸಲ.

ಕರಿ ಕಾರಿನ ಗುಂಡುಗಳನ್ನು ಅವಳು ತಂದದ್ದು ಒಂದು ಬೆಳಿಗ್ಗೆ. ಹ್ಯಾಂಡಲಿಗೆ ತೊಡಿಸುವ ತೇಗದ ಹಿಡಿಯನ್ನೂ ತಂದಿದ್ದಳು, ಹಳೆಯದು ಸೀಳಿತ್ತು. ಅವತ್ತು ಯಜಮಾನರು ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಬರುವವರಿದ್ದರು. ಬಿಡದಿ ದಾಟಿದ್ದೇವೆ ಅಂತ ಫೋನು ಬಂತು. ನಾನು ಗಡಿಬಿಡಿಯಲ್ಲಿ ಹಿಡಿಯನ್ನು ತೊಡಿಸಿದೆ. ಲಿವರಿನ ತುದಿಗೆ ಎರಡು ಗುಂಡುಗಳನ್ನೂ ತಿರುಪಿ ಕೂರಿಸಿದೆ. ಬಲಕ್ಕೆ ಕೆಂಪು. ಎಡಕ್ಕೆ ಹಸಿರು.

ಇದು ಇಂಗ್ಲೆಂಡಿನ ಕಾರಲ್ಲ ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಬಂದವರು ಕಾರಿನ ಸುತ್ತ ಓಡಾಡಿದರು, ಹಾರನ್ ಒತ್ತಿದರು, ನಕ್ಕರು. ಸ್ಟಾರ್ಟ್ ಮಾಡಿ ತೋರಿಸಿ ಅಂದರು. ತಂಗಿ ಇನ್ನೂ ಹೊರಟಿರಲಿಲ್ಲ. ನಾನು ಹೇಳಿದೆ, "ನಮ್ಮ ತಂಗಿ ಹೊಡೀತಾಳೆ ನೋಡಿ ಸಾರ್." ಆ ಮಾತು ನನ್ನದು. ಅವಳು ಕೇಳಿರಲಿಲ್ಲ, ಯಜಮಾನರೂ ಹೇಳಿರಲಿಲ್ಲ. ಬಂದವರಲ್ಲೊಬ್ಬರು, "ಲೇಡೀಸ್ ಕೈಲಿ ಆಗುತ್ತಾ?" ಅಂದರು. "ನೋಡ್ತಾ ಇರಿ ಸಾರ್," ಅಂದೆ. ಚಾಚಾ ಒಳಗಡೆ ಬೆಸುಗೆಯ ಕೆಲಸದಲ್ಲಿದ್ದರು.

ನಾನು ಹತ್ತಿ ಕೂತೆ. ಕೆಂಪು ಗುಂಡನ್ನು ಮೇಲಕ್ಕೆ ದೂಡಿದೆ. ಹಸಿರನ್ನು ಕೆಳಗೆ ಎಳೆದೆ.

"ಕೆಂಪು ಮೇಲೆ!" ಅಂತ ಕೂಗಿದೆ. "ಹಸಿರು ಐದು ಹಲ್ಲು ಕೆಳಗೆ!"

"ಕೆಂಪು ಮೇಲೆ. ಹಸಿರು ಐದು," ಅಂತ ಅವಳು ತಿರುಗಿ ಕೂಗಿದಳು. ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಮಧ್ಯೆ ಗಾಜು, ಮುಂದೆ ಬಾನೆಟ್ಟು. ನನಗೆ ಅವಳ ತಲೆ ಮತ್ತು ಭುಜ ಮಾತ್ರ ಕಾಣುತ್ತಿತ್ತು. ಕೈ ಕಾಣುತ್ತಿರಲಿಲ್ಲ. ಇದನ್ನು ನೆನಪಿಡಿ. ಅವಳ ಕೈಯನ್ನು ನಾನು ನೋಡಲೇ ಇಲ್ಲ.

ಎಳೆದಳು. ಎಂಜಿನ್ನು ಒಂದು ಸಲ ಢಬ್ ಅಂದಿತು, ಅಷ್ಟೇ. ಆಮೇಲೆ ಅವಳ ಕೂಗು.

ನಾನು ಇಳಿದು ಓಡಿದಾಗ ಅವಳು ನೆಲದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ಮಣಿಕಟ್ಟಿನ ಮೇಲೆ ಇರಬಾರದ ಕಡೆ ಒಂದು ಗುಬುಟು ಎದ್ದಿತ್ತು. ಯಜಮಾನರೇ ಅವಳನ್ನು ತಮ್ಮ ಕಾರಿಗೆ ಹತ್ತಿಸಿಕೊಂಡರು, ಚಾಚಾ ಜೊತೆಗೆ ಹತ್ತಿದರು, ಬಂದವರೂ ಹಿಂದೆ ಹೊರಟರು. ನಾನು ಷೆಡ್ಡಿಗೆ ಬೀಗ ಹಾಕಿ ಬೈಕಿನಲ್ಲಿ ಬತ್ತೀನಿ ಅಂದೆ.

ಬೀಗ ಹಾಕುವ ಮುಂಚೆ ಕರಿ ಕಾರನ್ನು ಒಂದು ಸಲ ನೋಡಿದೆ. ನೋಡಿದ ಕೂಡಲೇ ತಿಳಿಯಿತು. ಹಸಿರು ಗುಂಡು ಎಡಕ್ಕಿತ್ತು, ಕೆಳಗಿತ್ತು. ಎಡದ್ದು ಕಿಡಿಯ ಲಿವರು.

ಅಲ್ಲಿ ನಿಂತು ನಾನು ಅಳಲಿಲ್ಲ. ತಲೆ ಚಚ್ಚಿಕೊಳ್ಳಲಿಲ್ಲ. ಎರಡೂ ಗುಂಡು ಬಿಚ್ಚಿದೆ, ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ಹಾಕಿದೆ. ಲಿವರುಗಳನ್ನೂ ಸರಿಯಾದ ಕಡೆ ತಂದಿಟ್ಟೆ. ಎರಡು ನಿಮಿಷದ ಕೆಲಸ. ಅದೇ ನನಗೆ ಈಗಲೂ ಹೇಸಿಗೆ ಆಗುವುದು. ಗುಂಡು ತಪ್ಪಾಗಿ ಹಾಕಿದ್ದು ಗಡಿಬಿಡಿ ಅನ್ನಬಹುದು. ಅದಲು ಬದಲು ಮಾಡಿದ್ದು ಗಡಿಬಿಡಿಯಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಒಂದು ಬೆಂಚಿನ ಮೇಲೆ ಕೂರಿಸಿದ್ದರು. ಎಕ್ಸ್‌ರೇ ತೆಗೆಸಲು ಕಾಯುತ್ತಿದ್ದರು. ನನ್ನನ್ನು ನೋಡಿದ ಕೂಡಲೇ, ನೋವಿನ ಮಾತು ಬಿಟ್ಟು, ಇದನ್ನೇ ಕೇಳಿದಳು:

"ಅಣ್ಣ, ನಾನೇನ್ ತಪ್ಪು ಮಾಡ್ದೆ?"

ಆಗ ಹೇಳಬಹುದಿತ್ತು. ಯಜಮಾನರು ಅಲ್ಲೇ ನಿಂತಿದ್ದರು. ಷೆಡ್ಡಿನ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಇತ್ತು, ಅದು ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ, ನೋಡ್ತಾ ಇರಿ ಸಾರ್ ಅಂದಿದ್ದೆನಲ್ಲ, ಆ ಬಾಯಲ್ಲಿ ಇದನ್ನು ಹೇಳಲು ಆಗಲಿಲ್ಲ.

"ಹೆಬ್ಬೆಟ್ಟು ಸುತ್ಬುಟ್ಟೆ ಕಣಮ್ಮಿ," ಅಂದೆ.

"ಇಲ್ವಲ್ಲಣ್ಣ... ಜೊತೇಲೇ ಇಟ್ಟಿದ್ದೆ ಅನ್ನಿಸ್ತದೆ."

"ಗೊತ್ತಾಗಕಿಲ್ಲ ಅದು. ಕೈ ತಾನೇ ಸುತ್ಕೊಂಬುಡ್ತದೆ. ನಾನು ನೋಡ್ದೆ."

ಚಾಚಾ ಅವಳ ಕೈ ಕಡೆ ಬಗ್ಗಿ ನೋಡಿದರು. "ಹೆಬ್ಬೆಟ್ಟಿಗೆ ಏನೂ ಆಗಿಲ್ವಲ್ಲ?" ಅಂದರು. ಸುತ್ತಿದ್ದರೆ ಮೊದಲು ಪೆಟ್ಟು ಬೀಳುವುದು ಹೆಬ್ಬೆಟ್ಟಿನ ಬುಡಕ್ಕೆ. ನನಗೂ ಅದು ಗೊತ್ತು. "ಪುಣ್ಯ ಅನ್ನಿ," ಅಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ನೀರು ತರಲು ಹೋದರು. ಆಮೇಲೆ ಆ ಮಾತು ತೆಗೆಯಲಿಲ್ಲ.

ಮೂಳೆ ಕೂಡಿತು. ಮಣಿಕಟ್ಟು ಸ್ವಲ್ಪ ಬಿಗಿ ಉಳಿಯಿತು. ಡಾಕ್ಟರು ಕೆಲಸ ಬಿಡಬೇಡ, ಮೆಲ್ಲಗೆ ಮಾಡುತ್ತಾ ಹೋದರೆ ಸಡಿಲವಾಗುತ್ತದೆ ಅಂದಿದ್ದರು. ಪಟ್ಟಿ ಬಿಚ್ಚಿದ ಮೇಲೆ ಅವಳು ಕಾರ್ಖಾನೆಗೆ ಹೋದಳು. ಲೇತಿನ ಮುಂದೆ ಕೂತಳಂತೆ. ಉಳಿ ತೆಗೆದುಕೊಂಡಳಂತೆ. ಮತ್ತೆ ಕೆಳಗಿಟ್ಟು ಎದ್ದುಬಿಟ್ಟಳಂತೆ.

ನಾನು ಅವಳ ಮನೆಗೆ ಹೋಗಿ ಕೇಳಿದೆ. ಅವಳ ಗಂಡನಿಗೆ ಬಿಡದಿಯಲ್ಲಿ ಫ್ಯಾಕ್ಟರಿ ಕೆಲಸ, ಅವನಿನ್ನೂ ರೈಲಿಳಿದು ಬಂದಿರಲಿಲ್ಲ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ನೋವಾಗ್ತದಾ?"

"ನೋವು ಒಸಿ ಐತೆ. ಅದಕ್ಕಲ್ಲ." ಬಲಗೈ ಎತ್ತಿ ನೋಡಿಕೊಂಡಳು. "ನಾನು ಸುತ್ತಿಲ್ಲ ಅಂದ್ಕಂಡಿದ್ದೆ ಕಣಣ್ಣ. ದೇವ್ರಾಣೆ ಸುತ್ತಿಲ್ಲ ಅಂತ್ಲೇ ಅಂದ್ಕಂಡಿದ್ದೆ. ನೀನು ಕಣ್ಣಾರೆ ನೋಡ್ದೆ ಅಂತೀಯ. ಅಂದ್ರೆ ನಂಗೇ ಗೊತ್ತಿಲ್ದಂಗೆ ಈ ಕೈ ಏನೇನೋ ಮಾಡ್ತದೆ. ಇಂಥ ಕೈಗೆ ಉಳಿ ಕೊಟ್ಟು ತಿರುಗೋ ಮರದ್ ಮುಂದೆ ಕುಂತ್ಕೊಳ್ಳೋದು ಹೆಂಗೆ? ಬೆರಳು ಹೋಗ್ತದೆ."

ನಾನು ಅವರೆಕಾಯಿ ಸುಲಿಯಲು ಕೂತೆ.

ಮೂಳೆ ಮುರಿದದ್ದು ಗುಂಡಿನಿಂದ. ಆದರೆ ಅವಳನ್ನು ಲೇತಿನಿಂದ ಎಬ್ಬಿಸಿದ್ದು ಗುಂಡಲ್ಲ, ನನ್ನ ಮಾತು. ಅವತ್ತೇ ನನಗೆ ಇದು ಅರ್ಥವಾಯಿತು. ಅರ್ಥವಾಗಿಯೂ ಮೂರು ವರ್ಷ ಸುಮ್ಮನಿದ್ದೆ.

ಕಾರ್ಖಾನೆಯವರು ಅವಳನ್ನು ಬಿಡಲಿಲ್ಲ. ಪ್ಯಾಕಿಂಗ್ ಕೊಟ್ಟರು. ಬೇರೆಯವರು ತೆಗೆದ ಗೊಂಬೆಗಳನ್ನು ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕುವುದು. ಲೇತಿನ ಹೆಂಗಸರು ಹೊಸಬರು ಬಂದಾಗ, "ಹಿಡಿತದ ಮೇಲೆ ನಿಗಾ ಇರಲಿ ಕಣ್ರವ್ವ, ಅಕ್ಕನ ಕೈ ನೋಡಿ," ಅನ್ನುತ್ತಿದ್ದರಂತೆ. ಅವಳು ಕೈ ಎತ್ತಿ ತೋರಿಸುತ್ತಿದ್ದಳಂತೆ. ಷೆಡ್ಡಿನಲ್ಲಿ ಯಜಮಾನರು ಬಂದವರಿಗೆಲ್ಲ ಕಥೆ ಹೇಳುತ್ತಿದ್ದರು. ಒಂದು ಹೆಬ್ಬೆಟ್ಟು ತಪ್ಪಿದ್ದಕ್ಕೆ ಎಂಥ ಒಳ್ಳೆಯ ಕೆಲಸಗಾತಿಯ ಕೈ ಹೋಯಿತು ನೋಡಿ ಅಂತ. ಹೇಳಿ ನನ್ನ ಕಡೆ ತಿರುಗಿ, "ಅಲ್ವೇನಪ್ಪ?" ಅನ್ನುತ್ತಿದ್ದರು.

"ಹೌದು ಸಾರ್," ಅನ್ನುತ್ತಿದ್ದೆ. ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ.

ಈ ವರ್ಷ ಯಜಮಾನರು ಕರಿ ಕಾರಿಗೆ ಬ್ಯಾಟರಿಯ ಸೆಲ್ಫ್ ಸ್ಟಾರ್ಟರ್ ಹಾಕಿಸಿದರು. ಮದುವೆ ಮನೆಗಳಲ್ಲಿ ಗುಂಡಿ ಒತ್ತಿದರೆ ಹೊರಡಬೇಕು, ಈ ಹ್ಯಾಂಡಲಿನ ಹೆಣಗಾಟ ಸಾಕು ಅಂದರು. ಹಳೆಯ ಹ್ಯಾಂಡಲನ್ನು ಗೋಡೆಗೆ ತೂಗುಹಾಕಿ ಕೆಳಗೊಂದು ಬೋರ್ಡು ಹಾಕುವ ಯೋಚನೆ ಅವರದು. ಷೆಡ್ಡು ನೋಡಲು ಬರುವವರು ಓದಲಿ ಅಂತ. ಕನ್ನಡದಲ್ಲಿ ಬರೆಸಿದ ಬೋರ್ಡನ್ನು ನನ್ನ ಕೈಗೆ ಕೊಟ್ಟು, ತಪ್ಪಿದ್ದರೆ ಹೇಳು ಅಂದರು.

ಏಳನೇ ಕ್ಲಾಸಿನ ಓದು ಅಷ್ಟಕ್ಕೆ ಸಾಕಾಗಿತ್ತು. ಹ್ಯಾಂಡಲ್ ಹಿಡಿಯುವ ತಪ್ಪು ಕ್ರಮದಿಂದ ಚನ್ನಪಟ್ಟಣದ ಮಹಿಳೆಯೊಬ್ಬರು ಕೈ ಮುರಿದುಕೊಂಡರು ಅಂತ ಇತ್ತು. ಅಚ್ಚು ಅಕ್ಷರ, ದುಂಡಗೆ, ಬಿಳಿ ಬಣ್ಣದಲ್ಲಿ.

"ನಿನ್ನ ತಂಗಿ ಅದರ ಪಕ್ಕ ನಿಂತರೆ ಒಂದು ಫೋಟೊ ತೆಗೀತೀನಿ. ಬರ್ತಾಳಾ ಕೇಳು," ಅಂದರು.

ಬರುವುದಿಲ್ಲ ಅನ್ನುತ್ತಾಳೆ ಅಂತ ನಂಬಿಕೊಂಡು ಕೇಳಿದೆ. ಅವಳು ಒಪ್ಪಿಬಿಟ್ಟಳು. "ಬತ್ತೀನಿ ಕಣಣ್ಣ. ನಾನು ಮಾಡಿದ್ ತಪ್ಪು ಇನ್ನೊಬ್ರು ಮಾಡ್ದೆ ಇದ್ರೆ ಸಾಕು."

ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಫೋಟೊಗೆ ಅಂತ ಒಳ್ಳೆಯ ಸೀರೆ ಉಟ್ಟಿದ್ದಳು, ಹೂ ಮುಡಿದಿದ್ದಳು. ಹೈವೇಯಿಂದ ಒಳರಸ್ತೆಗೆ ತಿರುಗಿದ ಮೇಲೆ ಒಬ್ಬ ಎಳನೀರು ಮಾರುವವನು ಕೂರುತ್ತಾನೆ. ಅವತ್ತು ಅವನ ಗಾಡಿ ಮಾತ್ರ ಇತ್ತು, ಗೋಣಿಚೀಲ ಮುಚ್ಚಿತ್ತು. ನಾನು ಅಲ್ಲಿ ಬೈಕು ನಿಲ್ಲಿಸಿದೆ.

"ಪೆಟ್ರೋಲ್ ಖಾಲಿನಾ?"

"ಇಳಿ ಒಸಿ."

ಇಳಿದಳು. ನಾನು ಅವಳ ಮುಖ ನೋಡದೆ ಹೇಳಿದೆ. ಚೆನ್ನಾಗಿ ಹೇಳಲಿಲ್ಲ, ತೊದಲಿದೆ, ಮೊದಲಿನದು ಆಮೇಲೆ ಆಮೇಲಿನದು ಮೊದಲು ಬಂತು. ಗುಂಡು ಅದಲು ಬದಲಾಗಿತ್ತು. ಹೆಬ್ಬೆಟ್ಟು ನಾನು ನೋಡಿಲ್ಲ, ಸೀಟಿನಿಂದ ಅದು ಕಾಣುವುದೇ ಇಲ್ಲ. ನೀನು ಹಿಡಿದದ್ದು ಸರಿ, ನಾನು ಕೂಗಿದ್ದು ತಪ್ಪು.

ಬಯ್ಯುತ್ತಾಳೆ, ಹೊಡೆಯುತ್ತಾಳೆ, ಅಳುತ್ತಾಳೆ ಅಂತ ಕಾಯುತ್ತಿದ್ದೆ. ಅವಳು ಒಂದೊಂದಾಗಿ ಕೇಳತೊಡಗಿದಳು. ಸಾಮಾನಿನ ಅಳತೆ ಕೇಳುವ ಹಾಗೆ.

"ಗುಂಡು ತಪ್ಪಾಗೈತೆ ಅಂತ ಯಾವಾಗ ಗೊತ್ತಾಯ್ತು?"

"ನಿಮ್ ಕಾರು ಹೊರಟ ಮೇಲೆ."

"ಆಮೇಲೆ?"

"ಬದ್ಲಾಯಿಸ್ದೆ."

"ಅದಕ್ಕಾ ನೀನು ಹಿಂದೆ ಉಳ್ದಿದ್ದು?"

"ಉಳಿಯೋವಾಗ ಗೊತ್ತಿರ್ಲಿಲ್ಲ ಕಣಮ್ಮಿ. ಉಳಿದ ಮೇಲೆ..."

"ಕಾರಲ್ಲಿ ನಾನು ನಿನ್ನ ಕರೀತಿದ್ದೆ. ಅಣ್ಣ ಎಲ್ಲಿ ಅಣ್ಣ ಎಲ್ಲಿ ಅಂತ. ಚಾಚಾ ಬತ್ತಾನೆ ಬತ್ತಾನೆ ಅಂತಿದ್ರು."

ನಾನು ಗೋಣಿಚೀಲ ನೋಡುತ್ತಾ ನಿಂತಿದ್ದೆ.

ಅವಳು ರಸ್ತೆಯ ಪಕ್ಕದಲ್ಲೇ ಸ್ವಲ್ಪ ಬಗ್ಗಿದಳು. ಬಲಗೈ ಮುಂದೆ ಚಾಚಿ, ಇಲ್ಲದ ಹ್ಯಾಂಡಲನ್ನು ಹಿಡಿದಳು. ನಾಲ್ಕು ಬೆರಳು ಮಡಿಸಿ, ಹೆಬ್ಬೆಟ್ಟನ್ನು ಅವುಗಳ ಪಕ್ಕಕ್ಕೆ ತಂದಿಟ್ಟಳು. ಹಾಗೇ ಹಿಡಿದುಕೊಂಡು ನನಗೆ ತೋರಿಸಿದಳು.

"ಹಂಗಾರೆ ಇದು ಇಲ್ಲೇ ಇತ್ತು."

"ಇಲ್ಲೇ ಇತ್ತು."

"ನಾನು ಅಂದ್ಕಂಡಂಗೇ ಇತ್ತು."

"ಹೂಂ."

ಆಗ ಅತ್ತಳು. ನಾನು ಹತ್ತಿರ ಹೋದರೆ ದೂಡಿದಳು, ಆ ಬಲಗೈಯಲ್ಲೇ. ಜೋರಾಗಿಯೇ ದೂಡಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಬೈಕು ಹತ್ತಿ ಕೂತಳು.

"ಮನೆಗೆ ಬುಟ್ಬುಡಲಾ?" ಅಂದೆ.

"ಯಾಕೆ ಮನೆಗೆ? ಅಲ್ಲಿಗೇ ನಡಿ. ನನ್ ಒಬ್ಬಳ ಕಿವೀಲಿ ಉಸುರ್‌ಬುಟ್ರೆ ಆಗೋಯ್ತಾ? ಯಾರ್ ಯಾರ್ ಮುಂದೆ ಹೆಬ್ಬೆಟ್ಟು ಅಂದೆ, ಅವರ ಮುಂದೆಲ್ಲ ಇದನ್ನೂ ಅನ್ನು."

ಷೆಡ್ಡಿನಲ್ಲಿ ಯಜಮಾನರು ಹ್ಯಾಂಡಲನ್ನು ಎಣ್ಣೆ ಹಾಕಿ ಒರೆಸುತ್ತಿದ್ದರು. ಚಾಚಾ ಏಣಿ ಹಿಡಿದು ನಿಂತಿದ್ದರು. ಬೋರ್ಡು ಗೋಡೆಗೆ ಒರಗಿತ್ತು. ತಂಗಿ ಅದನ್ನು ನಿಧಾನವಾಗಿ ಓದಿದಳು, ಆಮೇಲೆ ನನ್ನ ಕಡೆ ತಿರುಗಿದಳು. ನಾನು ಹೇಳಿದೆ. ಎರಡನೇ ಸಲಕ್ಕೆ ಮಾತು ಸ್ವಲ್ಪ ಸಲೀಸಾಗಿ ಬಂತು, ಅದಕ್ಕೂ ನಾಚಿಕೆಯಾಯಿತು.

"ಬೋರ್ಡು ಬರೆಸಿಯಾಗಿದೆಯಲ್ಲಪ್ಪ," ಅಂದರು ಯಜಮಾನರು. ಅಂದಮೇಲೆ ತಮ್ಮ ಮಾತು ತಮಗೇ ಕೇಳಿಸಿದ ಹಾಗೆ ತಲೆ ಕೆಳಗೆ ಹಾಕಿ, ಬೋರ್ಡನ್ನು ಗೋಡೆ ಕಡೆ ಮುಖ ಮಾಡಿ ತಿರುಗಿಸಿಟ್ಟರು. "ಇಷ್ಟು ಜನಕ್ಕೆ ಹೇಳಿದ್ದೀನಲ್ಲೋ ನಾನು," ಅಂದರು.

ಚಾಚಾ ಏಣಿ ಬಿಟ್ಟು ತಂಗಿಯ ಹತ್ತಿರ ಬಂದರು. "ಹೆಬ್ಬೆಟ್ಟಿಗೆ ಏಟಿಲ್ಲ ಅಂತ ಅವತ್ತೇ ಕಂಡಿತ್ತು ಬೇಟಿ. ಇನ್ನೊಂದು ಸಲ ಕೇಳ್ಬೇಕಿತ್ತು ನಾನು. ಅಣ್ಣ ತಂಗಿ ನಡುವೆ ನಾನ್ಯಾರು ಅಂತ ಬಿಟ್ಟೆ." ನನ್ನ ಕಡೆ ಅವರು ನೋಡಲಿಲ್ಲ. ಅವತ್ತಿನಿಂದ ಕಾರುಗಳನ್ನು ಸ್ಟಾರ್ಟ್ ಮಾಡುವಾಗ ನಾನು ಸೀಟಿನಲ್ಲಿ ಕೂರುವಂತಿಲ್ಲ. ಯಾರೂ ಹಾಗಂತ ಹೇಳಿಲ್ಲ. ಚಾಚಾ ಬಂದು ಕೂತುಬಿಡುತ್ತಾರೆ, ನಾನು ಮುಂದೆ ಹೋಗಿ ನಿಲ್ಲುತ್ತೇನೆ.

ಮಾರನೆಯ ದಿನ ಗೊಂಬೆ ಕಾರ್ಖಾನೆಗೆ ಹೋದೆ. ಅವಳು ಮಧ್ಯಾಹ್ನದ ಊಟದ ಹೊತ್ತಿಗೆ ಬಾ ಅಂದಿದ್ದಳು. ಲೇತುಗಳು ನಿಂತಿದ್ದವು. ಹೆಂಗಸರು ಮುದ್ದೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು, ನೆಲದ ತುಂಬ ಬಣ್ಣದ ಮರದ ಸಿಪ್ಪೆ. ನಾನು ಬಾಗಿಲಲ್ಲಿ ನಿಂತು ಹೇಳಿದೆ. ಅವರು ನನ್ನನ್ನು ನೋಡಲಿಲ್ಲ, ಹೇಳುವಷ್ಟು ಹೊತ್ತೂ ಅವಳನ್ನೇ ನೋಡುತ್ತಿದ್ದರು.

ಹಿರಿಯ ಹೆಂಗಸೊಬ್ಬರು, "ಆಯ್ತು ಬುಡವ್ವ, ಎಷ್ಟಾದ್ರೂ ಅಣ್ಣ ತಾನೇ," ಅಂದರು.

"ಅಣ್ಣ ಅಂತ್ಲೇ ಕಣಕ್ಕ ನಂಬಿದ್ದು," ಅಂದಳು ತಂಗಿ.

ಹೆಂಗಸರು ಡಬ್ಬಿ ಮುಚ್ಚತೊಡಗಿದರು.

ಅವಳು ಎದ್ದು ಕೈ ತೊಳೆದು ಬಂದಳು. ಕಿಟಕಿ ಪಕ್ಕದ ಲೇತಿನ ಮುಂದೆ ಕೂತಳು. ಯಾರದೋ ಅರ್ಧ ತೆಗೆದ ಮರ ಅದರಲ್ಲಿತ್ತು. ಮೋಟರು ಹಾಕಿದಳು. ಉಳಿ ತೆಗೆದುಕೊಂಡು ಕೈಗೆ ಹೊಂದಿಸಿಕೊಂಡಳು, ಬಿಟ್ಟಳು, ಮತ್ತೆ ಹೊಂದಿಸಿಕೊಂಡಳು. ಮಣಿಕಟ್ಟು ಮೊದಲಿನಷ್ಟು ಬಾಗುತ್ತಿರಲಿಲ್ಲ, ಅದಕ್ಕೆ ಮೊಣಕೈಯನ್ನೇ ಎತ್ತರಕ್ಕೆ ತಂದಳು. ಉಳಿ ಮರಕ್ಕೆ ತಾಗಿತು, ಕಿತ್ತಿತು, ಒಂದು ಚೂರು ಹಾರಿತು. ಮರ ಹಾಳಾಯಿತು. ಪಕ್ಕದವಳು ಇನ್ನೊಂದು ತುಂಡು ಕೊಟ್ಟಳು.

ನಾನು ಇನ್ನೂ ಬಾಗಿಲಲ್ಲೇ ಇದ್ದೆ.

"ನೀನು ಹೋಗಣ್ಣ," ಅಂದಳು, ತಿರುಗಿ ನೋಡದೆ. "ನೀನು ನಿಂತಿದ್ರೆ ನಂಗೆ ಕೈ ಬರಕಿಲ್ಲ."

ಹೊರಟು ಬಂದೆ.

ಅದಾಗಿ ನಾಲ್ಕು ತಿಂಗಳಾಯಿತು. ಈಗ ಅವಳು ದಿನಕ್ಕೆ ಒಂದೆರಡು ಗಂಟೆ ಲೇತಿನ ಮೇಲೆ ಕೂರುತ್ತಾಳೆ, ಕೈ ಊದಿದರೆ ಎದ್ದು ಪ್ಯಾಕಿಂಗಿಗೆ ಹೋಗುತ್ತಾಳೆ ಅಂತ ಅವಳ ಗಂಡ ಹೇಳಿದ. ಮೊದಲಿನ ನಯ ಬಂದಿಲ್ಲವಂತೆ. ಬರಬಹುದು, ಬಾರದೇ ಇರಬಹುದು. ಮೂರು ವರ್ಷ ಬಿಡದೆ ಕೂತಿದ್ದರೆ ಬಂದಿರುತ್ತಿತ್ತು ಅಂತ ಡಾಕ್ಟರು ಹೇಳಿದರಂತೆ. ಅದನ್ನೂ ಅವಳ ಗಂಡನೇ ಹೇಳಿದ, ನನ್ನ ಮುಖ ನೋಡಿಕೊಂಡೇ ಹೇಳಿದ. ಅವಳು ನನ್ನ ಜೊತೆ ಮಾತಾಡುವುದಿಲ್ಲ.

ಷೆಡ್ಡಿಗೆ ಬಂದು ಹೆಬ್ಬೆಟ್ಟಿನ ಕಥೆ ಕೇಳಿ ಹೋದವರು ತುಂಬ ಜನ. ಬೆಂಗಳೂರು, ಮೈಸೂರು, ಇನ್ನೂ ದೂರದವರು. ನನ್ನನ್ನು ತೋರಿಸಿ, ಇವನೇ ಅಣ್ಣ, ಕಣ್ಣಾರೆ ನೋಡಿದವನು ಅಂತ ಯಜಮಾನರು ಹೇಳಿದ್ದು ಅವರಿಗೆ ನೆನಪಿರುತ್ತದೆ. ಅವರೆಲ್ಲ ಯಾರು, ಎಲ್ಲಿದ್ದಾರೆ ನನಗೆ ಗೊತ್ತಿಲ್ಲ. ಯಾರ್ ಯಾರ್ ಮುಂದೆ ಅಂದೆ ಅವರ ಮುಂದೆಲ್ಲ ಅನ್ನು ಅಂದಿದ್ದಾಳಲ್ಲ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ತಿಳಿಯಲಿ: ನಾನು ನೋಡಿರಲಿಲ್ಲ. ಅವಳು ಸರಿಯಾಗಿ ಹಿಡಿದಿದ್ದಳು.